ಬಾಣಂತಿ ಕೋಣೆಗೆ ಬಂದ ಬಿಟ್ಟಿ ಕಾಯಿ

ರೋಣದಲ್ಲಿ ನನ್ನದು ಮೈಕ್ ಸೆಟ್ಟಿನ ಅಂಗಡಿ. ಲಗ್ನ, ನಾಮಕರಣ, ಭಾಷಣ, ಪುಣ್ಯತಿಥಿ, ಯಾವುದೇ ಇರಲಿ, ಸ್ಪೀಕರು, ಆಂಪ್ಲಿಫಯರು, ಜನರೇಟರು ಹೇರಿಕೊಂಡು ಹೋಗುವವನು ನಾನು. ವರ್ಷಗಟ್ಟಲೆ ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ನಿಂತವನಿಗೆ ಸಣ್ಣಪುಟ್ಟ ಸಪ್ಪಳ ಸಪ್ಪಳವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಬಿಟ್‌ಕಾಯಿನ್ ಮಶೀನನ್ನು ಮನೆಗೆ ತಂದ ದಿನ ನಾನು ಹೆಂಡತಿಗೆ, "ಫ್ಯಾನ್ ತಿರುಗಿದಷ್ಟ ಸಪ್ಪಳ, ಅಷ್ಟ," ಎಂದದ್ದು ಸುಳ್ಳಲ್ಲ. ನನ್ನ ಕಿವಿಗೆ ಬಿದ್ದದ್ದೇ ಅಷ್ಟು.

"ಫ್ಯಾನ್ ಅಲ್ರಿ ಇದು, ಹಿಟ್ಟಿನ ಗಿರಣಿ," ಅಂದಳು ಆಕೆ.

ಮಶೀನು ಏನು ಮಾಡುತ್ತದೆ ಅಂತ ತಿಳಿಸಿ ಹೇಳಲು ನಾನು ಬಹಳ ಒದ್ದಾಡಿದೆ. ಜಗತ್ತಿನ ತುಂಬ ಇಂಥ ಮಶೀನುಗಳಿವೆ, ಎಲ್ಲವೂ ಕೂಡಿ ಒಂದೇ ಲೆಕ್ಕದ ಒಗಟು ಬಿಡಿಸುತ್ತಿರುತ್ತವೆ, ಯಾರದಕ್ಕೆ ಉತ್ತರ ಸಿಕ್ಕಿತೋ ಅವರಿಗೆ ಕಾಯಿನ್. ಒಬ್ಬನೇ ಕೂತರೆ ಜನ್ಮದಲ್ಲಿ ಸಿಗಲಿಕ್ಕಿಲ್ಲ, ಆದ್ದರಿಂದ ಸಾವಿರಾರು ಮಂದಿ ಗುಂಪು ಕಟ್ಟಿಕೊಂಡು, ಬಂದದ್ದನ್ನು ದುಡಿದಷ್ಟು ಹಂಚಿಕೊಳ್ಳುತ್ತಾರೆ ಅಂದೆ.

"ಅಂದ್ರ ಮುಯ್ಯಾಳು ಇದ್ದಂಗ. ಇವತ್ತ ಅವರ ಹೊಲಕ್ಕ, ನಾಳೆ ನಮ್ಮ ಹೊಲಕ್ಕ."

"ಹಾಂ, ಸರಿಯಾಗಿ ಹಂಗ!"

"ಹೊಲ ಎಲ್ಲೈತ್ರಿ?"

ನಾನು ಮಶೀನಿನ ಕಡೆ ಕೈ ತೋರಿಸಿದೆ.

"ಹೊಲಾನೂ ಇಲ್ಲ, ಗಿಡಾನೂ ಇಲ್ಲ, ಕಾಯಿ ಬರ್ತೈತಿ ಅಂತೀರಿ. ಬಿಟ್ಟಿ ಕಾಯಿ ಅನ್ರಿ, ಮುಗೀತು."

ಅಂದಿನಿಂದ ಅದು ಬಿಟ್ಟಿ ಕಾಯಿಯೇ ಆಯಿತು. ಓಣಿಯ ಮಂದಿಯೂ, "ಬಿಟ್ಟಿ ಕಾಯಿ ಹ್ಯಾಂಗ ನಡದೈತ್ರಿ?" ಅಂತ ಹಲ್ಲು ಕಿರಿದು ಕೇಳತೊಡಗಿದರು.

ಆರಿಸುವಾಗ ನಾನೇನು ಕಣ್ಣು ಮುಚ್ಚಿ ಆರಿಸಿರಲಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು ಬಂದ್ ಆದ ಅಂಗಡಿಯೊಂದರಲ್ಲಿ ಇಂಥವನ್ನು ಸಾಲಾಗಿ ಇಟ್ಟು ನಡೆಸುತ್ತಿದ್ದರು. ಹೊಸ ಮಾಲು ತರಿಸಿದ್ದರಿಂದ ಹಳೆಯವನ್ನು ಮಾರುತ್ತಿದ್ದರು. ಹೊಸದು ಅದೇ ಒಂದು ಯೂನಿಟ್ಟಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ನಿಜ. ಆದರೆ ಅದರ ಹಸಿವು ಎರಡು ಗೀಸರ್ ಒಮ್ಮೆಲೇ ಹಚ್ಚಿದಷ್ಟು. ನಮ್ಮ ಮನೆಯ ವೈರಿಂಗು ಅದನ್ನು ತಡೆಯುವ ಹಾಗಿರಲಿಲ್ಲ. ಹಳೆಯದು ದೊಡ್ಡ ಬೂಟಿನ ಡಬ್ಬಿಯಷ್ಟು, ಇಸ್ತ್ರಿ ಪೆಟ್ಟಿಗೆಗಿಂತ ತುಸು ಹೆಚ್ಚು ಕರೆಂಟು ತಿನ್ನುತ್ತದೆ. ಅದರ ಹೊಟ್ಟೆಯೊಳಗೆ ಮೂರು ಬೋರ್ಡು ಇರುತ್ತವೆ. ಮೂರೂ ಜೀವಂತ ಇವೆಯೋ ಇಲ್ಲವೋ ಎಂದು, ಎತ್ತು ಕೊಳ್ಳುವವರು ಹಲ್ಲು ನೋಡಿದ ಹಾಗೆ, ಅವರೆದುರೇ ನಡೆಸಿ ನೋಡಿದೆ. ಬೋರ್ಡುಗಳು ಚೆನ್ನಾಗಿದ್ದವು. ಹಿಂದಿನ ಫ್ಯಾನು ಮಾತ್ರ ಸವೆದಿತ್ತು. ಅದನ್ನು ತೆಗೆಸಿ ಬೇರೆ ಕಂಪನಿಯದೊಂದು ಹಾಕಿಸಿಕೊಂಡು ಬಂದೆ. ಹೀಗಾಗಿ ಮುಂದಿನದು ದಪ್ಪ ದನಿ, ಹಿಂದಿನದು ಸಣ್ಣ ದನಿ. ನನಗೆ ಅದೊಂದು ಜೋಡಿ ಅಂತಲೇ ಅನಿಸುತ್ತಿತ್ತು.

ಕರೆಂಟಿನ ಕೆಲಸವನ್ನು ಮಾತ್ರ ನಾನು ಯಾರ ಕೈಗೂ ಬಿಡಲಿಲ್ಲ. ಮೀಟರ್ ಬೋರ್ಡಿನಿಂದಲೇ ಬೇರೆ ದಪ್ಪ ವೈರು ಎಳೆದೆ, ಅದಕ್ಕೇ ಒಂದು ಬ್ರೇಕರ್ ಹಾಕಿದೆ, ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿದೆ. ಹೊಲದ ಪಂಪುಗಳು ಒಮ್ಮೆಲೇ ಶುರುವಾದರೆ ನಮ್ಮ ಕಡೆ ವೋಲ್ಟೇಜು ನೆಲ ಹಿಡಿಯುತ್ತದೆ, ಅದಕ್ಕೊಂದು ಸ್ಟೆಬಿಲೈಸರ್. ಮಾಳಿಗೆಯ ಮೇಲೆ ಮೊದಲೇ ಸೋಲಾರ್ ಹಾಕಿಸಿದ್ದೆ. ಬಿಸಿಲಿಗೇನು ನಮ್ಮಲ್ಲಿ ಬಡತನವಿಲ್ಲವಲ್ಲ, ಬಿಸಿಲಿದ್ದಾಗ ಮಶೀನು, ಬಿಸಿಲು ಇಳಿದರೆ ಬಂದ್ ಎಂದು ನೇಮ ಮಾಡಿಕೊಂಡೆ. ಒಂದೇ ತೊಡಕು. ಲೈನ್ ಹೋದರೆ ಸೋಲಾರೂ ನಿಂತುಬಿಡುತ್ತದೆ. ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ನಮ್ಮ ಮನೆಯ ಕರೆಂಟು ಹೊಡೆಯಬಾರದು ಎಂದು ಹಾಗೆ ಮಾಡಿರುತ್ತಾರೆ. ಅದು ಸರಿಯೇ. ಆದರೂ ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿರುವಾಗ ಮಶೀನು ಸುಮ್ಮನೆ ಕೂತದ್ದು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇಡಲು ಒಳಕೋಣೆಯನ್ನು ಆರಿಸಿದೆ. ಮಣ್ಣಿನ ದಪ್ಪ ಗೋಡೆ, ಮನೆಯಲ್ಲೇ ತಂಪು ಜಾಗ, ಬಿಸಿ ಗಾಳಿ ಹೋಗಲು ಹಿತ್ತಲಿಗೆ ಒಂದು ಕಿಟಕಿ. ಅಂಗಡಿಗೆ ಹೋಗುವ ಮುಂಚೆ ಒಮ್ಮೆ, ಊಟಕ್ಕೆ ಬಂದಾಗ ಒಮ್ಮೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಸಿಗುತ್ತಿದ್ದದ್ದು ಕಾಯಿಯಲ್ಲ, ಕಾಯಿಯ ತುರಿಯೂ ಅಲ್ಲ, ತುರಿಯ ಪುಡಿ. ಆದರೂ ಈ ಮೂಲೆಯಲ್ಲಿ ಕೂತು ಜಗತ್ತಿನ ಒಂದು ಕೆಲಸಕ್ಕೆ ಕೈ ಹಚ್ಚಿದ್ದೇನೆ ಅನ್ನುವ ಸುಖವಿತ್ತು. ಹೆಂಡತಿ ನಡುಮನೆಯಿಂದ, "ನನ್ನ ಮಾತೂ ಅಷ್ಟ ಲಕ್ಷ್ಯ ಕೊಟ್ಟು ಕೇಳಿದ್ರ ಬಾಳೆ ಬಂಗಾರ ಆಗ್ತಿತ್ತು," ಅನ್ನುತ್ತಿದ್ದಳು. ಅದು ನನಗೆ ಅರ್ಧ ಕೇಳಿಸುತ್ತಿತ್ತು.

ಹೀಗಿರುವಾಗ ಗಜೇಂದ್ರಗಡಕ್ಕೆ ಕೊಟ್ಟ ನಮ್ಮ ಮಗಳು ಬಸುರಿಯಾದಳು. ಇರುವವಳು ಅವಳೊಬ್ಬಳೇ. ಸೀಮಂತದ ಕುಬಸಕ್ಕೆ ಹಸಿರು ಸೀರೆ, ಬಳೆ, ತಿಂಡಿಯ ಬುಟ್ಟಿಗಳನ್ನು ತೆಗೆದುಕೊಂಡು ಹೋದೆವು. ಎಲ್ಲ ಚೆಂದವಾಗಿ ನಡೆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಖಾಲಿ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದಾದ ಮೇಲೆ ನನ್ನ ಕಡೆ ತಿರುಗಿದಳು.

"ಬಾಣಂತನ ಅಲ್ಲೇ ಮಾಡ್ಕೋತಾಳಂತ ನಿಮ್ಮ ಮಗಳು."

"ಯಾಕ?"

"ಒಳಕೋಣ್ಯಾಗ ಅಪ್ಪನ ಮಶೀನ್ ಐತೆಲ್ಲವ್ವಾ, ನಾ ಬಂದು ಎಲ್ಲಿ ಮಲಗ್ಲಿ ಅಂದ್ಲು. ನಮ್ಮತ್ತಿ ಚಲೋ ನೋಡ್ಕೋತಾರ, ಅಪ್ಪಗ ಬ್ಯಾಸರ ಮಾಡಬ್ಯಾಡ ಅಂತನೂ ಅಂದ್ಲು."

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಅನ್ನುವುದು ರೂಢಿ, ಅದು ಬಿಡಿ. ಮಗಳು ಕೂಸನ್ನು ಎತ್ತಿಕೊಂಡು ನಮ್ಮ ಮನೆಯಲ್ಲಿ ಓಡಾಡುವುದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಅವಳು ಜಗಳವಾಡಿ, ಮಶೀನು ತೆಗಿ ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಪ್ಪನಿಗೆ ಬೇಸರವಾದೀತು ಅಂತ ತಾನೇ ಸರಿದು ನಿಂತಳಲ್ಲ, ಅದು ಕರುಳಿಗೆ ತಾಕಿತು.

"ಮಗಳು ಬೇಕೋ, ಬಿಟ್ಟಿ ಕಾಯಿ ಬೇಕೋ, ನೀವ ಹೇಳ್ರಿ," ಅಂದಳು ಹೆಂಡತಿ.

ನಾನು ಮನೆಗೆ ಬಂದವನೇ ಅಂಗಿ ಕೂಡ ಬದಲಿಸದೆ ಮಶೀನು ಬಿಚ್ಚಿ, ಒಳಕೋಣೆಯ ಗೋಡೆಗೆ ಹೊಂದಿ ಹಿತ್ತಲಲ್ಲಿದ್ದ ತಗಡಿನ ಚಪ್ಪರದಲ್ಲಿ ಇಟ್ಟೆ. ಕೋಣೆಗೆ ಸುಣ್ಣ ಹೊಡೆಸಿದೆ. ಆಮೇಲೆ ಮಗಳಿಗೆ ಫೋನು ಮಾಡಿ, "ನಿನ್ನ ಕೋಣಿ ಖಾಲಿ ಐತಿ, ಬಾರವ್ವಾ," ಅಂದೆ. "ಹೂಂ ಅಪ್ಪಾ, ಕರ್ಕೊಂಡು ಹೋಗಾಕ ಬಾ," ಅಂದಾಗ ಅವಳ ದನಿ ಒದ್ದೆಯಾಗಿತ್ತು.

ಚಳಿಗಾಲದಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ದವಾಖಾನೆಯಿಂದ ಬಿಡುವಾಗ ಡಾಕ್ಟರಮ್ಮ ಹೆಂಡತಿಯನ್ನು ಕರೆದು ಹೇಳಿದರು, "ಅಮ್ಮಾ, ಕೂಸಿನ ಕೋಣ್ಯಾಗ ಅಗ್ಗಿಷ್ಟಿಗಿ ಇಡಬ್ಯಾಡ್ರಿ, ಲೋಬಾನ ಹಾಕಬ್ಯಾಡ್ರಿ. ಬೆಚ್ಚಗ ಇರ್ಲಿ, ಹೊಗಿ ಮಾತ್ರ ಆಗಂಗಿಲ್ಲ." ಎಣ್ಣೆ ನೀರು ಹಾಕಿದ ಮೇಲೆ ಕೆಂಡದ ಅಗ್ಗಿಷ್ಟಿಗೆ ಪಕ್ಕದಲ್ಲಿಟ್ಟು ತಾಯಿ ಕೂಸನ್ನು ಕಾಸದೆ ಬಾಣಂತನವೆಂದರೆ ಏನು ಅನ್ನುವುದೇ ಹೆಂಡತಿಗೆ ತಿಳಿಯದು. ಅವಳ ಮುಖ ಹುಳ್ಳಗಾಯಿತು. ಸುಣ್ಣ ಹೊಡೆದ ಆ ತಂಪು ಕೋಣೆಯಲ್ಲಿ ಮಗಳು ಹಲ್ಲು ಕಟಕಟಿಸುತ್ತಾ ಮಲಗಿದ್ದಳು. ಕರೆಂಟಿನ ಹೀಟರ್ ತರುತ್ತೇನೆ ಅಂದೆ.

"ಕೆಂಪಗ ಕಾದ ತಂತಿ ಮುಂದ ಕೂಸು ಹಾಕೋದಾ? ನಿಮಗೇನರ ಬುದ್ಧಿ ಐತೇನು?"

"ಮತ್ತ ಏನ್ ಮಾಡೋಣು?"

"ನನ್ನ ಕೇಳ್ತೀರಿ? ಹೊಗಿ ಇಲ್ಲದ ಬೆಂಕಿ ನಾ ಎಲ್ಲಿಂದ ತರ್ಲಿ?"

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದರೆ ಆಕೆ ಚಪ್ಪರದಲ್ಲಿ ಮಶೀನಿನ ಹಿಂದೆ ನಿಂತಿದ್ದಳು. ಅದರ ಬಿಸಿ ಗಾಳಿ ಬರುವಲ್ಲಿ ಹಗ್ಗ ಕಟ್ಟಿ, ಕೂಸಿನ ದುಪಟಿಗಳನ್ನೆಲ್ಲ ಹರವಿದ್ದಳು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕವರ ಹಾಗೆ ಹುಬ್ಬು ಗಂಟು ಹಾಕಿ, "ಲಗೂ ಒಣಗ್ತಾವ ಅಂತ ಹಾಕೀನಿ," ಅಂದಳು. ನಾನು ನಗಲಿಲ್ಲ, ನಗುವ ಧೈರ್ಯವೂ ಇರಲಿಲ್ಲ. ಒಂದು ದುಪಟಿಯನ್ನು ಕೆನ್ನೆಗೆ ಹಚ್ಚಿ ನೋಡಿಕೊಂಡು ಆಕೆಯೇ ಕೇಳಿದಳು.

"ಈ ಗಾಳಿ ಒಳಗ ತರಾಕ ಬರ್ತೈತೇನ್ರಿ?"

ಅಷ್ಟು ಸಾಕಾಗಿತ್ತು ನನಗೆ. ತಗಡಿನ ಕೆಲಸದವರಿಂದ ಅಗಲ ಬಾಯಿಯ ಕೊಳವೆ ಮಾಡಿಸಿ, ಮಶೀನಿನ ಬೆನ್ನಿಗೆ ಕೂಡಿಸಿ, ಕಿಟಕಿಯಿಂದ ಒಳಗೆ ತಂದೆ. ಗಾಳಿ ನೇರ ಕೂಸಿಗೆ ಬಡಿಯದ ಹಾಗೆ ಬಾಯನ್ನು ಮೇಲೆ ಜಂತಿಯ ಕಡೆ ತಿರುಗಿಸಿ, ಧೂಳು ಬಾರದಂತೆ ತೆಳ್ಳನೆಯ ಬಟ್ಟೆ ಕಟ್ಟಿದೆ. ಕೋಣೆ ಎಳೆ ಬಿಸಿಲಿನಷ್ಟು ಬೆಚ್ಚಗಾಯಿತು. ಸಂಜೆ ಮಶೀನು ನಿಂತ ಮೇಲೂ ದಪ್ಪ ಗೋಡೆ ಆ ಬಿಸಿ ಹಿಡಿದಿಡುತ್ತಿತ್ತು. ಹೆಂಡತಿ ಮೂಲೆ ಮೂಲೆಗೆ ಮೂಗು ಒಡ್ಡಿ ಹೊಗೆ ಹುಡುಕಿದಳು, ಸಿಗಲಿಲ್ಲ. ಚುಚ್ಚುಮದ್ದಿಗೆ ಹೋದಾಗ ಡಾಕ್ಟರಮ್ಮನಿಗೂ ವಿವರಿಸಿದೆವು. ಅವರು ಎರಡೆರಡು ಸಲ ಕೇಳಿ ತಿಳಿದುಕೊಂಡು, "ಭಾಳ ಕಾಯ್ದಂಗ ನೋಡ್ಕೋರಿ, ಅಷ್ಟ," ಅಂದು ನಕ್ಕರು. ಆ ದಿನ ನನ್ನ ಹೊಟ್ಟೆ ತಣ್ಣಗಾಯಿತು.

ನಾವು ಯಾರೂ ಎಣಿಸದಿದ್ದದ್ದು ಕೂಸಿನ ನಿದ್ದೆ. ದಪ್ಪ ಗೋಡೆಯ ಆಚೆಯಿಂದ ಆ ಸಪ್ಪಳ ಒಂದು ಗುಂಯ್‌ಗುಡುವಿಕೆಯಾಗಿ ಬರುತ್ತಿತ್ತು. ನೀರು ಹಾಕಿ ಮಲಗಿಸಿದರೆ ಕೂಸು ಎರಡು ಸಲ ಮುಷ್ಟಿ ಬಿಗಿದು ಸಡಿಲ ಬಿಟ್ಟು ಮಲಗಿಬಿಡುತ್ತಿತ್ತು. ಹೆಂಡತಿ ಜೋಗುಳ ಶುರು ಮಾಡುವುದರೊಳಗೆ ಮುಗಿದೇ ಹೋಗಿರುತ್ತಿತ್ತು. ಲೈನ್ ಹೋಯಿತೋ, ಕಿಟಾರನೆ ಚೀರುತ್ತಿತ್ತು. ಓಣಿಯ ಹೆಣ್ಣುಮಕ್ಕಳು ಆ ಚೀರುವಿಕೆ ಕೇಳಿಯೇ, "ಕರೆಂಟ್ ಹೋತ ನೋಡ್ರಿ," ಅನ್ನುತ್ತಿದ್ದರು. ಆ ಚಳಿಗಾಲದಷ್ಟು ಸಂತೋಷವಾಗಿ ನಾನು ಎಂದೂ ಇದ್ದದ್ದಿಲ್ಲ. ಊಟಕ್ಕೆ ಬಂದಾಗ ಸ್ಟೂಲನ್ನು ಮಶೀನಿನ ಮುಂದಲ್ಲ, ತೊಟ್ಟಿಲ ಮುಂದೆ ಹಾಕುತ್ತಿದ್ದೆ.

ಚಳಿ ಹೋಯಿತು. ಮಗಳು ಕೂಸನ್ನು ಎತ್ತಿಕೊಂಡು ಗಜೇಂದ್ರಗಡಕ್ಕೆ ಹೋದಳು. ಬೇಸಿಗೆ ಬಂದು ತಗಡಿನ ಚಪ್ಪರ ಹಂಚಿನ ಹಾಗೆ ಕಾಯತೊಡಗಿತು, ಮಶೀನು ತಾನೇ ಬಿಸಿಗೆ ಹೆದರಿ ಆಗಾಗ ನಿಂತುಬಿಡುತ್ತಿತ್ತು. ಒಗಟೂ ಕಠಿಣವಾಗುತ್ತ ಹೋಗಿ, ಹಳೆಯ ಮಶೀನಿನ ಪಾಲಿಗೆ ಪುಡಿಯೂ ಬರುವುದು ನಿಂತಿತು. ಖಾಲಿ ಕೋಣೆಗೆ ಯಾವ ಗಾಳಿ ಕೊಡುವುದು? ನರಗುಂದದ ಒಬ್ಬರು ಕೊಳ್ಳುತ್ತೇನೆ ಅಂದರು. ನಾನು ಒಪ್ಪಿ, ಬ್ಲೋವರ್ ಹಿಡಿದು ಧೂಳು ತೆಗೆದು, ಒರೆಸಿ ನಡುಮನೆಯಲ್ಲಿಟ್ಟೆ. ಮಗಳನ್ನು ಗಂಡನ ಮನೆಗೆ ಕಳಿಸುವ ಮುಂಚೆ ತಲೆ ಬಾಚಿದ ಹಾಗೆ, ಫ್ಯಾನಿನ ರೆಕ್ಕೆಗಳನ್ನೂ ಒಂದೊಂದಾಗಿ ಒರೆಸಿದೆ. ಹೆಂಡತಿ ಒಮ್ಮೆ ನೋಡಿ ಅಡುಗೆಮನೆಗೆ ಹೋದಳು.

ನರಗುಂದದವರು ಮಧ್ಯಾಹ್ನ ಬಂದರು. ಒಮ್ಮೆ ನಡೆಸಿ ತೋರಿಸಿ ಅಂದರು, ನ್ಯಾಯವೇ. ವೈರು ಜೋಡಿಸಿ ಗುಂಡಿ ಒತ್ತಿದರೆ ಏನೂ ಇಲ್ಲ. ಲೈನ್ ಹೋಗಿತ್ತು. ಜನರೇಟರು ಯಾವಗಲ್ ಊರಿನ ಲಗ್ನಕ್ಕೆ ಹೋಗಿತ್ತು. "ಬರ್ತೈತಿ ಬಿಡ್ರಿ, ಚಹಾ ಕುಡೀರಿ," ಅಂದು ಅವರನ್ನು ಕೂರಿಸಿದೆ. ಅಷ್ಟರಲ್ಲಿ ಮಗಳ ಫೋನು. ಹಿಂದಿನಿಂದ ಕೂಸು ಸೂರು ಹಾರಿಹೋಗುವಂತೆ ಅಳುತ್ತಿತ್ತು.

"ಅಪ್ಪಾ, ನಾಕು ದಿನ ಆತು, ಮಧ್ಯಾಹ್ನ ಮಲಗವಲ್ದು. ಏನ್ ಮಾಡಿದ್ರೂ ಕೇಳವಲ್ದು. ನಿನ್ನ ಮಶೀನ್ ಮುಂದ ಫೋನ್ ಹಿಡೀ ಅಪ್ಪಾ, ಇಲ್ಲಿ ಸ್ಪೀಕರ್ ಹಾಕ್ತೀನಿ."

ಮಾರಾಟಕ್ಕಿಟ್ಟಿದ್ದೇನೆ ಅಂತ ಹೇಗೆ ಹೇಳಲಿ? ಲೈನ್ ಇಲ್ಲ ಅಂತಲೂ ಬಾಯಿಗೆ ಬರಲಿಲ್ಲ. ಅಷ್ಟು ಆಸೆಯಿಂದ ಕೇಳಿದ್ದಳು. ನಾನು ಫೋನನ್ನು ಮೈಕಿನ ಹಾಗೆ ಹಿಡಿದು, ಕಣ್ಣು ಮುಚ್ಚಿ, ಗಂಟಲಿನಿಂದ "ಹೂಂ" ಅಂತ ಎಳೆದೆ. ನರಗುಂದದವರು ಚಹಾದ ಕಪ್ಪು ಹಿಡಿದುಕೊಂಡು ಹಾಗೇ ಉಳಿದರು. ಕೂಸು ಒಂದು ಗಳಿಗೆ ತಡೆದು ಮತ್ತೆ ಶುರು ಮಾಡಿತು.

ಹೆಂಡತಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಹಂಗಲ್ರಿ," ಅಂತ ಪಿಸುಗುಟ್ಟಿದಳು, "ಅದು ಒಂದ ದನಿ ಅಲ್ಲ. ನೀವು ಮುಂದಿನ ಫ್ಯಾನ್ ಹಿಡೀರಿ, ದಪ್ಪಂದು."

ಹಾಗೆಂದು ನನ್ನ ಪಕ್ಕದಲ್ಲಿ ಕೂತು, ಫೋನಿಗೆ ಬಾಯಿ ಹಚ್ಚಿ "ಸುಂಯ್" ಅಂತ ಸಣ್ಣ ದನಿ ಎತ್ತಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ದಿನ ಶಾಪ ಹಾಕಿದ ಸಪ್ಪಳವನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಳು. ಅವಳು ಉಸಿರು ತೆಗೆದುಕೊಳ್ಳುವಾಗ ನಾನು ಹಿಡಿದುಕೊಳ್ಳುತ್ತಿದ್ದೆ, ನಾನು ತೆಗೆದುಕೊಳ್ಳುವಾಗ ಅವಳು. ನರಗುಂದದವರು ಮೆಲ್ಲಗೆ ಮಶೀನಿನ ಕಡೆ ಬೆರಳು ತೋರಿಸಿ ಇದನ್ನು ಕೊಡುತ್ತೀರೋ ಎಂಬಂತೆ ನೋಡಿದರು. ಹೆಂಡತಿ ದನಿ ಕಡಿಯದೆ, ಕೊಡುವುದಿಲ್ಲ ಅಂತ ಹಿಟ್ಟಿನ ಕೈ ಅಲ್ಲಾಡಿಸಿದಳು.

ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ನಾವು ನಿಲ್ಲಿಸಲಿಲ್ಲ. ಕೊನೆಗೆ ಮಗಳ ಸಣ್ಣ ದನಿ ಬಂತು.

"ಮಲಗ್ತು ಅಪ್ಪಾ. ಇನ್ನ ಮಶೀನ್ ಬಂದ್ ಮಾಡು."

ನಾವಿಬ್ಬರೂ ಬಾಯಿ ಮುಚ್ಚಿದೆವು.