ಬೆಂಡೆಕಾಯಿ ಹೂವಿನ ಮೇಲ್ಕಟ್ಟು

ಅಟ್ಟದ ಮೇಲೆ ಮರೆತುಹೋಗಿದ್ದ ತಗಡಿನ ಡಬ್ಬವೊಂದನ್ನು ಮೊನ್ನೆ ಸೊಸೆ ಕೆಳಗಿಳಿಸಿದಳು. ಒಳಗಿದ್ದದ್ದು ಬೆಲ್ಲ. ಹೆಂಚಿನ ಸಂದಿಯಿಂದ ಮಳೆನೀರು ಇಳಿದು ಬೆಲ್ಲ ಕರಗಿ, ತಗಡು ತುಕ್ಕು ಹಿಡಿದು, ಎರಡೂ ಸೇರಿ ಕಪ್ಪಗೆ ಹುಳಿಯೆದ್ದಿತ್ತು. ಮುಚ್ಚಳ ತೆಗೆದದ್ದೇ ಸೊಸೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನಾನು ಮಾತ್ರ ಡಬ್ಬದ ಮುಂದೆಯೇ ಕುಳಿತುಬಿಟ್ಟೆ. ಹುಳಿ ಬೆಲ್ಲ, ತುಕ್ಕು ಕಬ್ಬಿಣ... ಈ ವಾಸನೆ ನನಗೆ ಗೊತ್ತು. ಹತ್ತಿರ ಹತ್ತಿರ ಎಪ್ಪತ್ತು ವರ್ಷದ ಹಿಂದೆ, ಬೇಗೂರಿನ ಮಗ್ಗುಲಿನ ನಮ್ಮೂರಿನಲ್ಲಿ, ಮಡಿಯಕ್ಕನ ಹಿತ್ತಲಿಗೆ ಕಾಲಿಟ್ಟರೆ ಮೊದಲು ಬಡಿಯುತ್ತಿದ್ದದ್ದು ಇದೇ ವಾಸನೆ.

ಮಡಿಯಕ್ಕ ಊರಿನ ಬಟ್ಟೆ ಒಗೆಯುವ ಮನೆಯವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಒಂದು ಕತ್ತೆ, ಬಟ್ಟೆ ಬೇಯಿಸುವ ಒಂದು ಹಂಡೆ, ಊರಿನ ಅರ್ಧ ಮನೆಗಳ ಮೈಲಿಗೆ, ಇಷ್ಟೇ ಅವಳ ಸಂಸಾರ. ಕರೆ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಲೆಯಡಿಕೆ ಉಗುಳು, ಎಣ್ಣೆ, ರಕ್ತ, ಅರಿಸಿನ, ಯಾವುದಾದರೂ ಮೂಸಿ ನೋಡಿ ಅದಕ್ಕೆ ತಕ್ಕ ಮದ್ದು ಹಾಕುತ್ತಿದ್ದಳು. ಅಂಥವಳೂ ಒಮ್ಮೆ ಸೋತಳು. ನಮ್ಮ ದೊಡ್ಡಪ್ಪ ನಮ್ಮ ಸೀಮೆಯದೇ ಆದ ಮದ್ದೂರಿನ ಕಾಡಿನ ಕಡೆಯಿಂದ ಅಳಲೆಕಾಯನ್ನು ಪಂಚೆಯಲ್ಲಿ ಕಟ್ಟಿ ತಂದಿದ್ದರು. ಅದೇ ಪಂಚೆಗೆ ಎಲ್ಲಿಯದೋ ತುಕ್ಕು ಮೊಳೆ ಸೋಕಿ, ಅಂಗೈಯಗಲ ಕಪ್ಪು ಕಚ್ಚಿಕೊಂಡಿತು. ಮೂರು ಸಲ ಬೇಯಿಸಿದರೂ ಹೋಗಲಿಲ್ಲ. ದೊಡ್ಡಪ್ಪ ಅವಳನ್ನು ಜಗುಲಿಯ ಕೆಳಗೆ ನಿಲ್ಲಿಸಿ ಬಾಯಿಗೆ ಬಂದಂತೆ ಬಯ್ದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡು ನಾನು ಹಿತ್ತಲಿನಿಂದ ಹಿಂದೆಯೇ ಹೋದೆ. ಅವಳು ನಗುತ್ತಿದ್ದಳು.

"ಯಾವ್ ಹಂಡೆಗೂ ಬಗ್ದೇ ಇರೋ ಕರೆ ಸಿಕ್ಬುಡ್ತು ಕಣ್ ಚಿಕ್ಕವ್ವ. ಈ ಕರೇಲೇ ಹೂವ ಮಾಡ್ಬುಟ್ರೆ ಹೆಂಗಿರ್ತದೆ?"

ಅವಳ ಬಾಯಲ್ಲಿ ನಾನು ಚಿಕ್ಕವ್ವ, ನನಗಾಗ ಹತ್ತೋ ಹನ್ನೊಂದೋ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಅಂದಿನಿಂದ ಶುರುವಾಯಿತು ನೋಡಿ ಅವಳ ಹುಚ್ಚು. ಮುರಿದ ಎತ್ತಿನ ಲಾಳ, ಸೊಟ್ಟ ಮೊಳೆ, ಬೆಲ್ಲದ ಗಸಿ, ಎಲ್ಲವನ್ನೂ ಮಡಕೆಗೆ ಹಾಕಿ ನೀರು ತುಂಬಿ ಇಪ್ಪತ್ತು ದಿನ ಕೊಳೆಸುತ್ತಿದ್ದಳು. ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿದರೆ ಬೆಣ್ಣೆ ಕಾಯಿಸಿದಂಥ ಹಳದಿ ಬರುತ್ತಿತ್ತು. ಅದರ ಮೇಲೆ ಮಡಕೆಯ ನೀರು ಒಂದು ತೊಟ್ಟು ಬಿದ್ದರೆ ಸಾಕು, ಕಣ್ಣೆದುರೇ ಕಪ್ಪಾಗುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಶಿವ ಕಾಯಿಯೊಳಗೆ ಅರ್ಧ ಬಣ್ಣವನ್ನೂ ಕಬ್ಬಿಣದೊಳಗೆ ಇನ್ನರ್ಧವನ್ನೂ ಬಚ್ಚಿಟ್ಟಿದ್ದಾನೆ ಎಂದುಕೊಳ್ಳುತ್ತಿದ್ದೆ.

ಸುಲಭವಾಗಿ ಕೈಗೆ ಹತ್ತಲಿಲ್ಲ. ಮೊದಲು ಬೆರಳಿನಲ್ಲಿ ಬರೆದಳು, ಹರಡಿ ಕೆಸರಾಯಿತು. ಜಾಲಿ ಮರದ ಅಂಟು ಕಲಸಿದಳು, ನಿಂತಿತು. ಆದರೆ ಕಬ್ಬಿಣ ಹೆಚ್ಚಾಗಿ ಹೂವಿದ್ದ ಕಡೆಯೆಲ್ಲ ಬಟ್ಟೆ ಸುಟ್ಟಂತೆ ತೂತುಬಿತ್ತು. ತೂತಿನೊಳಗಿಂದ ನನ್ನನ್ನು ನೋಡಿ, "ಬಟ್ಟೆ ತೂತಾಯ್ತು, ನನ್ ಕೈ ತೂತಾಗ್ನಿಲ್ವಲ್ಲ, ಬುಡು" ಎಂದು ಶಿವನಿಗೆ ಕೈ ಮುಗಿದಳು. ಸಣ್ಣದಕ್ಕೂ ದೇವರಿಗೆ ಕೈ ಮುಗಿಯುವುದನ್ನು ನಾನು ಕಲಿತದ್ದು ಅವಳಿಂದಲೇ ಇರಬೇಕು. ಹೂವಿನ ಅಚ್ಚೊತ್ತಲು ಬೆಂಡೆಕಾಯಿ ತಂದುಕೊಟ್ಟವಳು ನಾನು. ಸಾರಿಗೆ ಹೆಚ್ಚುವಾಗ ಅದರ ತುಂಡು ನನಗೆ ಹೂವಿನಂತೆ ಕಂಡಿತ್ತು. ಬಾಳೆಪಟ್ಟೆಯನ್ನು ಅಡ್ಡ ಕೊಯ್ದು ಒತ್ತಿದರೆ ಜೇನುಗೂಡಿನಂಥ ಅಂಚು ಬರುತ್ತದೆಂದು ಕಂಡುಕೊಂಡವಳು ಅವಳು. ಊರಿನವರು ಆಡಿಕೊಂಡರು. ಕರೆ ತೆಗೀರಿ ಅಂತ ಬಟ್ಟೆ ಕೊಟ್ಟರೆ ಕರೆ ಹಚ್ಚುವುದನ್ನು ಕಲಿಯುತ್ತಿದ್ದಾಳೆ ಎಂದು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ ಮದುವೆಯಲ್ಲಿ ಹೆಣ್ಣುಗಂಡು ಹಸೆಗೆ ಬರುವಾಗ ಕಾಲು ನೆಲಕ್ಕೆ ಸೋಕದಂತೆ ಒಗೆಯುವ ಮನೆಯವರು ಬಿಳಿ ಬಟ್ಟೆ ಹಾಸಬೇಕು. ಅದು ನಡೆಮುಡಿ. ಹಸೆಯ ಮೇಲೆ ಚಪ್ಪರಕ್ಕೆ ಕಟ್ಟುವುದು ಮೇಲ್ಕಟ್ಟು. ಅದೂ ಅವರದೇ ಕೆಲಸ. ಹಾಗೆ ಹಾಸಿ ಕಟ್ಟಿದ್ದಕ್ಕೆ ಮದುವೆ ಮನೆಯವರು ಒಂದು ಹೊಸ ಪಂಚೆ ಕೊಡುತ್ತಿದ್ದರು. ಮಡಿಯಕ್ಕ ಅಂಥ ಎಂಟು ಪಂಚೆಗಳನ್ನು ಉಡದೆ, ಮಾರದೆ ಇಟ್ಟುಕೊಂಡಿದ್ದಳು. ಐದಾರು ವರ್ಷದ ಮೇಲೆ ನನ್ನ ಮದುವೆ ಗೊತ್ತಾದಾಗ ಅವನ್ನು ಜೋಡಿಸಿ ಹೊಲಿದು ಒಂದೇ ಹಾಸು ಮಾಡಿದಳು. ಹೆಣ್ಣು ಕೇಳಿ ಬಂದವರು ಚಂದಕವಾಡಿ ಕಡೆಯವರು. ಚಾಮರಾಜನಗರದಲ್ಲಿ ಜವಳಿ ತೆಗೆದು ಬರುವಷ್ಟರಲ್ಲಿ ಅವಳ ಬಟ್ಟೆ ಮುಗಿದಿತ್ತು. ಹಳದಿ ನೆಲದ ತುಂಬ ಕಪ್ಪು ಬೆಂಡೆಹೂವು, ಸುತ್ತ ಬಾಳೆಪಟ್ಟೆಯ ಬಲೆ. ಒಂದು ಹೂವೂ ಹರಡಿರಲಿಲ್ಲ.

"ನಿನ್ ಮದ್ವೆಗೆ ಮೇಲ್ಕಟ್ಟು ಕಣ್ ಚಿಕ್ಕವ್ವ. ತಾಳಿ ಕಟ್ಟುಸ್ಕೊಳೋವಾಗ ಒಂದ್ಸಲ ತಲೆ ಎತ್ತಿ ನೋಡು. ನಾಚ್ಕೊಂಡ್ ಕುಂತ್ಬುಡ್ಬ್ಯಾಡ."

ಮದುವೆಯ ಬೆಳಿಗ್ಗೆ ಅವಳು ಚಪ್ಪರದಲ್ಲಿ ಗಂಟು ಬಿಚ್ಚಿದಾಗ ದೊಡ್ಡಪ್ಪನ ಕಣ್ಣು ಅದರ ಮೇಲೆ ಬಿತ್ತು. ಮನೆಯ ಯಜಮಾನರು ಅವರು. ನಮ್ಮಪ್ಪ ಅವರೆದುರು ಕೆಮ್ಮುತ್ತಲೂ ಇರಲಿಲ್ಲ. ನಾನು ಒಳಗೆ ಅಲಂಕಾರಕ್ಕೆ ಕುಳಿತಿದ್ದೆ, ಮಾತೆಲ್ಲ ಕಿಟಕಿಯಿಂದ ಕೇಳುತ್ತಿತ್ತು.

"ಬಲು ಸೋಕಾಗದೆ. ಇದ್ನೇ ನಡೆಮುಡಿ ಹಾಸು, ಗಂಡಿನ್ ಕಡೇರು ಬಾಯ್ ಬುಟ್ಕೊಂಡ್ ನೋಡ್ಲಿ" ಎಂದರು ದೊಡ್ಡಪ್ಪ.

"ಮದ್ವೆ ಮನೇಲಿ ಕಪ್ಪಾ ಅಣ್ಣಯ್ಯ?" ಎಂದಳು ಸೋದರತ್ತೆ.

"ಕಾಲ್ಕೆಳಕ್ಕೆ ತಾನೆ ಅಮ್ಮಿ, ಕಪ್ಪಾದ್ರೇನು?"

ಮಡಿಯಕ್ಕನ ದನಿ ಏರಲಿಲ್ಲ. "ನಡೆಮುಡೀಗೆ ಬಿಳೀ ಬಟ್ಟೆ ಬ್ಯಾರೆ ತಂದಿವ್ನಿ ಬುದ್ಧಿ. ಇದು ತುಳ್ಯಕ್ಕಲ್ಲ."

"ಹಾಸೋಳು ನೀನು, ಎಲ್ಲಿ ತುಳೀಬೇಕು ಅಂತ ನಂಗ್ ಯೋಳ್ಕೊಡ್ತೀಯಾ?"

ಅವರೇ ಅವಳ ಕೈಯಿಂದ ಕಿತ್ತು ಹೊಸಿಲಿನಿಂದ ಹಸೆಯವರೆಗೆ ಹರವಿಸಿದರು. ನನ್ನನ್ನು ಹೊರಗೆ ಕರೆತಂದರು. ಬಾಸಿಂಗದ ಸಂದಿಯಿಂದ ನೋಡುತ್ತೇನೆ... ಆ ಹೂವುಗಳೆಲ್ಲ ನನ್ನ ಕಾಲ ಬುಡದಲ್ಲಿವೆ. ನಡುವೆ, ಬಟ್ಟೆಯ ಮೇಲೆಯೇ, ಮಡಿಯಕ್ಕ ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾಳೆ. ವಾಲಗ ನಿಂತುಹೋಗಿತ್ತು.

"ತುಳ್ಯಂಗಿದ್ರೆ ನನ್ ಸೇರಿಸ್ಕೊಂಡೇ ತುಳ್ಕೊಂಡ್ ಓಗಿ" ಎಂದಳು. ಅತ್ತಿರಲಿಲ್ಲ. ಕೆರೆಯ ಕಲ್ಲಿನ ಮೇಲೆ ಕುಳಿತಂತೆ ಕುಳಿತಿದ್ದಳು.

ಎತ್ತಿ ಆಚೆ ಹಾಕಿ ಎಂದು ದೊಡ್ಡಪ್ಪ ಕೂಗಿದರು. ಇಬ್ಬರು ಮುಂದೆ ಬಂದರು. ಆಗ ನಾನೇನು ಯೋಚಿಸಿದೆನೋ ನೆನಪಿಲ್ಲ. ಯೋಚಿಸಿರಲಿಕ್ಕಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಬಟ್ಟೆಯ ಪಕ್ಕಕ್ಕೆ, ಸಗಣಿ ಸಾರಿಸಿದ ಬರಿ ನೆಲದ ಮೇಲೆ ಕಾಲಿಟ್ಟೆ.

"ಅಮ್ಮಿ! ಹಸೆಗ್ ಓಗೋ ಹೆಣ್ಣು, ನೆಲಕ್ ಕಾಲಿಕ್ತೀಯಾ!" ದೊಡ್ಡಪ್ಪ ನನ್ನನ್ನು ಗದರಿದರು.

"ನೆಲ ಶಿವಂದಲ್ವ ದೊಡ್ಡಪ್ಪ? ಮೈಲಿಗೆ ಎಂಗಾದಾತು? ಬಟ್ಟೆ ಒಗ್ದ ಶರಣರ್ಗೂ ದಿನಾ ಕೈ ಮುಗೀತೀರಿ, ಈಕೆ ಬಟ್ಟೇನ ನಾನ್ ತುಳೀಲಾ?"

ಅಷ್ಟು ಮಾತು ನಾನು ಅವರೆದುರು ಆಡಿದ್ದು ಅದೇ ಮೊದಲು, ಅದೇ ಕೊನೆ. ಏಳು ಹೆಜ್ಜೆಯೋ ಎಂಟೋ, ನಡೆದು ಹಸೆಯ ಮೇಲೆ ಕುಳಿತೆ. ನನ್ನ ಹಿಂದೆ ಗಂಡು ಬರಬೇಕಿತ್ತು. ಅವರು ಒಂದು ಗಳಿಗೆ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸುಮ್ಮನೆ ಬರಿ ನೆಲದ ಮೇಲೆಯೇ ನಡೆದು ಬಂದರು. ಅವರ ಜೊತೆ ಐವತ್ತು ವರ್ಷ ಬಾಳಿದೆ. ಬೇಸರ ಬಂದಾಗಲೆಲ್ಲ ಆ ಹೆಜ್ಜೆಗಳನ್ನು ನೆನೆದು ಶಿವನಿಗೆ ಕೈ ಮುಗಿದಿದ್ದೇನೆ.

ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಮುಹೂರ್ತ ಮೀರುತ್ತದೆಂದು ಅವಸರಪಟ್ಟು, ಆ ಬಟ್ಟೆಯನ್ನು ಮೇಲಕ್ಕೇ ಕಟ್ಟಿಬಿಡವ್ವ ಎಂದರು. ನನ್ನ ಎದೆ ಅರಳಿತು. ಮಡಿಯಕ್ಕ ಎದ್ದು ಬಟ್ಟೆಯನ್ನು ಮಡಿಸಿದಳು. ಆದರೆ ಕಟ್ಟಲಿಲ್ಲ.

"ನೆಲಕ್ ಬಿದ್ದದೆ ಅಯ್ನೋರೆ. ಒಗೀದೆ ಮದುವಣಗಿತ್ತಿ ತಲೆ ಮ್ಯಾಲೆ ಕಟ್ಟಾಕಿಲ್ಲ. ನಾನು ಮಡಿ ಮಾಡೋಳು."

ಬಿಳಿಯ ಮೇಲ್ಕಟ್ಟನ್ನು ಕಟ್ಟಿ, ತನ್ನ ಗಂಟನ್ನು ಕಂಕುಳಿಗೆ ಇಟ್ಟುಕೊಂಡು ಹೊರಟುಹೋದಳು. ಆ ಸಲ ಪಂಚೆಗೆ ನಿಲ್ಲಲಿಲ್ಲ. ತಾಳಿ ಕಟ್ಟಿಸಿಕೊಳ್ಳುವಾಗ ನಾನು ತಲೆ ಎತ್ತಿ ನೋಡಿದೆ. ಬರೀ ಬಿಳಿ.

ಮರುದಿನ ಬೆಳಿಗ್ಗೆ ಗಂಡಿನ ಕಡೆಯವರ ಜೊತೆ ಬಸ್ಸು ಹತ್ತಿದೆ. ಬಸ್ಸು ಕೆರೆ ಏರಿಯ ಮೇಲೆ ಬಂದಾಗ ಎರಡು ಹೊಂಗೆ ಮರಗಳ ನಡುವೆ, ಆಳೆತ್ತರಕ್ಕಿಂತ ಮೇಲೆ, ಒಗೆದ ಆ ಬಟ್ಟೆ ಪೂರ್ತಿ ಬಿಚ್ಚಿಕೊಂಡು ಹಾರುತ್ತಿತ್ತು. ಕೆಳಗೆ ಕಲ್ಲಿನ ಮೇಲೆ ಅವಳು ಯಾರದೋ ಬಟ್ಟೆ ಬಡಿಯುತ್ತಿದ್ದಳು, ತಿರುಗಲಿಲ್ಲ. ಬಸ್ಸು ನಿಲ್ಲಿಸಿ ಎನ್ನಬೇಕಿತ್ತು ನಾನು. ಇಳಿದು ಆ ಬಟ್ಟೆಯ ಕೆಳಗೆ ಒಂದು ಗಳಿಗೆ ನಿಂತು ಬರಬೇಕಿತ್ತು. ಇದ್ದ ಧೈರ್ಯವೆಲ್ಲ ಹಿಂದಿನ ದಿನವೇ ಮುಗಿದಿತ್ತೇನೋ...

ಮೂರು ದಿನ ಅವಳು ಅದನ್ನು ಇಳಿಸಲಿಲ್ಲವಂತೆ. ದೊಡ್ಡಪ್ಪನ ಜಮೀನಿಗೆ ದಾರಿಯೂ ಅದೇ ಏರಿ. ದೊಡ್ಡಪ್ಪ ನಮ್ಮ ಮನೆಯ ಬಟ್ಟೆ ನಿಲ್ಲಿಸಿದರು, ಉಳಿದ ಮನೆಗಳೂ ಒಂದೊಂದಾಗಿ ನಿಲ್ಲಿಸಿದವು. ನಾನು ಮೊದಲ ಹಬ್ಬಕ್ಕೆ ತವರಿಗೆ ಬರುವಷ್ಟರಲ್ಲಿ ಅವಳ ಮನೆಗೆ ಬೀಗವೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ತಾಳವಾಡಿ ಕಡೆ ಅಣ್ಣನ ಮನೆಗೆ ಹೋದಳಂತೆ ಎಂದು ಸೋದರತ್ತೆ ಹೇಳಿದಳು. ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಸುಳ್ಳೇಕೆ, ಹುಡುಕಲು ನಾನೂ ಹೋಗಲಿಲ್ಲ. ಬಸುರಿಯಾಗಿದ್ದೆ, ಆಮೇಲೆ ಮಕ್ಕಳು, ಆಮೇಲೆ ಸಂಸಾರ. ನನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯಲ್ಲಿ ನಡೆಮುಡಿ ಹಾಸಲು ಬಿಡಲಿಲ್ಲ. ಅದೇನು ಹಟ ಎಂದು ಬೀಗರು ಕೇಳಿದರು. ನಮ್ಮ ಮನೆಯ ಪದ್ಧತಿ ಹಾಗೆ ಎಂದೆ. ನನ್ನ ಕೈಲಾದದ್ದು ಅಷ್ಟೇ.

ಮಡಿಯಕ್ಕ ಈಗ ಇರಲಾರಳು. ಆ ಬಟ್ಟೆಯೂ ಇರಲಾರದು. ಕಬ್ಬಿಣದ ಕಪ್ಪು ನಿಧಾನಕ್ಕೆ ನೂಲನ್ನು ತಿನ್ನುತ್ತದೆ, ಅದನ್ನೂ ಅವಳೇ ಹೇಳಿದ್ದಳು. ಹೂವುಗಳೆಲ್ಲ ಉದುರಿ ಎಲ್ಲೋ ತೂತುತೂತಾಗಿ ಹೋಗಿರುತ್ತದೆ. ಅಂದು ಚಪ್ಪರದಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳು. ನಾನೂ ಹೋದ ಮೇಲೆ ಅಂಥ ಬಟ್ಟೆಯಿತ್ತೆಂದು ಹೇಳುವವರು ಇರುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ. ಇತ್ತು. ಎಂಟು ಪಂಚೆಯಷ್ಟು ಇತ್ತು. ಅದನ್ನು ಯಾರೂ ತುಳಿಯಲಿಲ್ಲ.