ಕಡಲಿನ ಮದುಮಗಳಿಗೆ ರೋಸ್

ಡುಲ್ಸಿನ್‌ಬಾಯಿಗೆ ರೋಸ್ ಆಗಿತ್ತು, ಮದುವೆ ಆಗಿರಲಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಒಬ್ಬ ಹೆಂಗಸಿನ ಬಗ್ಗೆ ಇದಕ್ಕಿಂತ ಕೆಟ್ಟ ಮಾತು ಹೇಳುವುದು ಕಷ್ಟ. ಮದುವೆಯ ಮುನ್ನಾದಿನ ಹುಡುಗಿಯನ್ನು ಕೂರಿಸಿ, ತಲೆಗೆ ತೆಂಗಿನಹಾಲು ಹಚ್ಚಿ, ಹಾಡು ಹೇಳಿ, ಅವಳ ಕನ್ಯಾಜೀವನಕ್ಕೆ ವಿದಾಯ ಹೇಳಿಸುವುದೇ ರೋಸ್. ಅದು ಜನ್ಮಕ್ಕೆ ಒಂದೇ ಸಲ. ವಿಧವೆ ಮರುಮದುವೆಯಾದರೂ ಅವಳಿಗೆ ಎರಡನೆಯ ರೋಸ್ ಇಲ್ಲ. ರೋಸ್ ಆದವಳು ಮದುವೆಗೆ ಇಗರ್ಜಿಗೆ ಹೊರಡುವವರೆಗೆ ಹೊಸ್ತಿಲು ದಾಟುವಂತಿಲ್ಲ. ಡುಲ್ಸಿನ್ ಹರೆಯದಲ್ಲಿ ಹಾಗೆ ತಲೆ ತೊಳೆದುಕೊಂಡು ಹೊಸ್ತಿಲ ಒಳಗೆ ಕೂತಿದ್ದಾಗ, ಉಳ್ಳಾಲದ ಕಡೆಯಿಂದ ನೇತ್ರಾವತಿ ದಾಟಿ ಬರುತ್ತಿದ್ದ ಮದುಮಗ ಲಾಝರನ ದೋಣಿ ಮಗುಚಿತು.

ಮುಗಿಯಿತಲ್ಲ! ಅತ್ತ ಕನ್ಯೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ. ಮತ್ತೆ ಯಾರೂ ಅವಳನ್ನು ಕೇಳಿಕೊಂಡು ಬರಲಿಲ್ಲ. ಇಗರ್ಜಿಯ ಪೀಠದ ಬಟ್ಟೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುತ್ತ, ತನ್ನನ್ನು ಮಾವ್ಶಿ, ಅಂದರೆ ದೊಡ್ಡಮ್ಮ, ಎಂದು ಕರೆಯುವ ತೀರಿಹೋದ ತಂಗಿಯ ಮಗಳು ಬೆನಿಟಾಳನ್ನು ಸಾಕುತ್ತ, ಜಪ್ಪಿನ ಒಂದು ಬಾಡಿಗೆ ಮನೆಯಲ್ಲಿ ಅವಳ ಆಯುಷ್ಯ ಸವೆಯಿತು. ಊರಿನವರ ರೋಸ್‌ಗೆ ಅವಳಿಗೂ ಕರೆ ಇರುತ್ತಿತ್ತೆನ್ನಿ, ಹಿತ್ತಲಲ್ಲಿ ಪಾತ್ರೆ ತೊಳೆಯಲಿಕ್ಕೆ! ಹಾಲಿನ ಬಟ್ಟಲಿನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಆದರೆ ಕಿವಿಗೆ ಬೀಗ ಹಾಕಲು ಯಾರಿಂದ ಆಗುತ್ತದೆ? ರೋಸ್‌ನಲ್ಲಿ ಹೇಳುವ ವೊವಿಯೊ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಅಂಗಳದಲ್ಲಿ ಹಾಡು ಹೇಳಿಸುವ ಮುತ್ತೈದೆ ಒಂದು ಸಾಲು ತಪ್ಪಿದರೆ ಸಾಕು, ಹಿತ್ತಲಲ್ಲಿ ಡುಲ್ಸಿನ್‌ಳ ಕೈಯ ಬೋಗುಣಿ ಠಣ್ ಎನ್ನುತ್ತಿತ್ತು.

ಅವಳಿಗೆ ಇದ್ದ ಆಸೆ ಒಂದೇ. ಬೆನಿಟಾಳಿಗೆ ತನ್ನ ಗತಿ ಬರಬಾರದು. ಹುಡುಗ ಗೊತ್ತಾಗಿದ್ದ: ಸೆವ್ರಿನ್‌ಬಾಯಿಯ ಮಗ ಸಿರಿಲ್, ಬೊಂಬಾಯಿಯ ಹಡಗುಕಟ್ಟೆಯಲ್ಲಿ ಫಿಟ್ಟರ್. ಮಳೆಗಾಲ ಕಳೆದು, ರಜೆ ಸಿಕ್ಕಿದ ಮೇಲೆ ಮದುವೆ ಎಂದು ಮಾತಾಗಿತ್ತು.

ಅಷ್ಟರಲ್ಲಿ ಮೊರಿಸ್ ಬಂದ. ಐವತ್ತೆಂಟನೆಯ ಇಸವಿ ಅದು. ಬೊಂಬಾಯಿಯಲ್ಲಿ ಸಂಗೀತ ಕಲಿತು ಬಂದು ಇಗರ್ಜಿಯ ಹಾಡುಗಾರರಿಗೆ ಮೇಷ್ಟ್ರಾಗಿದ್ದ ಈ ಹುಡುಗನ ತಲೆಯಲ್ಲಿ ಒಪೆರಾ ಹೊಕ್ಕಿತ್ತು. ಮಾತೇ ಇಲ್ಲದ, ಬರೀ ಹಾಡಿನ ನಾಟಕ. ಕಥೆ ಹಳೆಯದು, ಅಜ್ಜಿಯರು ಮಕ್ಕಳಿಗೆ ಹೇಳುವಂಥದ್ದು. ಬಿರುಗಾಳಿಗೆ ಸಿಕ್ಕಿದ ಅಪ್ಪ ಜೀವ ಉಳಿಸಿಕೊಳ್ಳಲು ಮಗಳನ್ನು ಕಡಲಿಗೆ ಕೊಡುತ್ತೇನೆಂದು ಮಾತು ಕೊಡುತ್ತಾನೆ, ಕಡಲು ಮದುಮಗಳನ್ನು ಕೇಳಿಕೊಂಡು ಬರುತ್ತದೆ. ಅಜ್ಜಿಯರ ಕಥೆಯಲ್ಲಿ ಹುಡುಗಿ ತಿರುಗಿ ಬರುತ್ತಾಳೆ. ಮೊರಿಸ್‌ನ ಒಪೆರಾದಲ್ಲಿ ಬರುವುದಿಲ್ಲ. ಕಾಲ ಬದಲಾಗಿದೆಯಂತೆ!

ಹುಡುಗಿಯ ಪಾತ್ರಕ್ಕೆ ಬೆನಿಟಾಳ ಕಂಠವೇ ಬೇಕೆಂದ. ಡುಲ್ಸಿನ್ ಹೂಂ ಎಂದಳು. ಆಮೇಲೆ ಅವನು ತಲೆ ಕೆರೆಯುತ್ತ, “ಮಾವ್ಶಿ, ಕಡಲಿಗೆ ಕಳಿಸುವ ಮೊದಲು ಒಂದು ರೋಸ್ ಉಂಟು. ವೊವಿಯೊ ನೀವೇ ಹೇಳಿಸಬೇಕು, ಸ್ಟೇಜಿನಲ್ಲಿ” ಎಂದ.

“ನಾನಾ? ನಿನಗೆ ತಲೆ ಸರಿ ಉಂಟಾ ಮಾರಾಯ?”

“ನಾಟಕ ಅಲ್ವಾ ಮಾವ್ಶಿ. ಹಾಲು ಕೂಡ ನಿಜದ್ದಲ್ಲ, ಅಕ್ಕಿಹಿಟ್ಟಿನ ನೀರು.”

ಬೇಡ ಎನ್ನಬೇಕಿತ್ತು. ಆದರೆ ಬಟ್ಟಲು ಹಿಡಿದು ಎಲ್ಲರೆದುರು ಹಾಡು ಹೇಳಿಸುವುದು ಎಂದರೆ, ಅಯ್ಯೋ, ಆ ಆಸೆಯನ್ನು ಅವಳು ಎಷ್ಟು ಕಾಲ ನುಂಗಿಕೊಂಡಿದ್ದಳು! ಒಪ್ಪಿದಳು. ಒಪ್ಪಿದ್ದು ಮಾತ್ರವಲ್ಲ, ಆಟದ ದಿನ ಹಿಟ್ಟಿನ ನೀರನ್ನು ಚೆಲ್ಲಿ, ತೆಂಗಿನಕಾಯಿ ಒಡೆದು, ತಾನೇ ಅರೆದು ಹಾಲು ಹಿಂಡಿದಳು. ಸುಳ್ಳು ಹಾಲಿಗೆ ಆ ಹಾಡು ಅವಳ ಬಾಯಿಂದ ಹೊರಡುತ್ತಿರಲಿಲ್ಲ.

ಇಗರ್ಜಿಯ ಸಭಾಗೃಹ ಆ ಸಂಜೆ ತುಂಬಿತ್ತು. ಬೆನಿಟಾ ಮಣೆಯ ಮೇಲೆ ತಲೆ ತಗ್ಗಿಸಿ ಕೂತಳು. ಡುಲ್ಸಿನ್ ಬೆರಳನ್ನು ಹಾಲಿಗೆ ಅದ್ದಿ ಅವಳ ಹಣೆಯ ಮೇಲೆ ಶಿಲುಬೆ ಬರೆದು ಮೊದಲ ಸಾಲು ಎತ್ತಿದಳು. ತಿರುಗಿ ಹೇಳಲು ಮೊರಿಸ್ ನಾಲ್ಕು ಹುಡುಗಿಯರನ್ನು ತಯಾರು ಮಾಡಿದ್ದ. ಅವರು ಬಾಯಿ ತೆರೆಯುವ ಮೊದಲೇ ಸಭೆಯ ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಹೇಳಿದರು. ವೊವಿಯೊ ಕೇಳಿ ಸುಮ್ಮನೆ ಕೂತು ಅವರಿಗೆ ಅಭ್ಯಾಸವೇ ಇಲ್ಲವಲ್ಲ! ಎರಡನೆಯ ಸಾಲಿಗೆ ಒಬ್ಬಳು ಎದ್ದಳು. ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಬಂದು ಬೆನಿಟಾಳ ತಲೆಗೆ ಹಾಲು ಹಚ್ಚಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು, ಕೊನೆಗೆ ಸಾಲೇ ನಿಂತಿತು. ಪರದೆಯ ಮರೆಯಲ್ಲಿ ಮೊರಿಸ್ ಹಿಗ್ಗಿ ಹೀರೇಕಾಯಿಯಾಗಿದ್ದ. ಡುಲ್ಸಿನ್‌ಗೆ ಮೈಮೇಲೆ ಎಚ್ಚರವಿರಲಿಲ್ಲ, ಹಾಡುತ್ತಲೇ ಇದ್ದಳು.

ಸೆವ್ರಿನ್‌ಬಾಯಿಯೂ ಬಂದಳು. ಭಾವೀ ಸೊಸೆಯ ತಲೆಗೆ ಹಾಲು ಹಚ್ಚಿದವಳು ಒದ್ದೆ ಕೈಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಬೆರಳು ಮೂಸಿ ನೋಡಿದಳು.

“ಡುಲ್ಸಿನ್, ಇದು ನಿಜವಾದ ಹಾಲು.”

ಡುಲ್ಸಿನ್ ಬಟ್ಟಲನ್ನು ಎದೆಗೆ ಒತ್ತಿಕೊಂಡಳು.

“ಎಂತ ಮಾಡಿದ್ದು ಮಾರಾಯ್ತಿ ನೀನು? ಇಡೀ ಊರು ಸೇರಿ ರೋಸ್ ಮಾಡಿ ಆಯ್ತಲ್ಲ! ಯಾರ ಹೆಸರಿಗೆ ಮಾಡಿದ್ದು? ಕಡಲಿನ ಹೆಸರಿಗಾ?”

ಡುಲ್ಸಿನ್ ಬಟ್ಟಲು ಕೆಳಗಿಟ್ಟಳು: ಬೆನಿಟಾಳ ಒಂದೇ ಒಂದು ರೋಸ್ ಮುಗಿದಿತ್ತು, ಮದುಮಗ ಬೊಂಬಾಯಿಯಲ್ಲಿದ್ದ.

ಮರುದಿನ ಪಾದ್ರಿಗಳು ನಕ್ಕುಬಿಟ್ಟರು. “ನಾಟಕಕ್ಕೂ ಸಂಸ್ಕಾರಕ್ಕೂ ವ್ಯತ್ಯಾಸ ಇಲ್ಲವಾ?” ಎಂದರು. ಅವರ ಮಾತು ಅವರ ಬಳಿಯೇ ಉಳಿಯಿತು. ಸೆವ್ರಿನ್‌ಬಾಯಿ ಮಗನಿಗೆ ತಂತಿ ಹೊಡೆಸಿದಳು: ಕೂಡಲೇ ಹೊರಟು ಬಾ. ರೋಸ್ ಆದ ಮೇಲೆ ಮದುವೆಯನ್ನು ಮುಗಿಸಲೇಬೇಕು, ಅಲ್ಲಿಯವರೆಗೆ ಹುಡುಗಿ ಹೊಸ್ತಿಲು ದಾಟಬಾರದು. ಡುಲ್ಸಿನ್ ಬಾಗಿಲಿಗೆ ಅಗುಳಿ ಹಾಕಿದಳು. ಇನ್ನೊಂದು ಆಟಕ್ಕೆ ಕರೆಯಲು ಬಂದ ಮೊರಿಸ್‌ನನ್ನು ಅಂಗಳದಿಂದಲೇ ಅಟ್ಟಿದಳು. ನೀರಿಗೆಂದು ಬಾವಿಕಟ್ಟೆಗೆ ಹೋದರೆ ನೆರೆಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು.

ಬೊಂಬಾಯಿಯಿಂದ ಉತ್ತರ ಬಂತು: ಹೊರಟಿದ್ದೇನೆ, ಕಾರವಾರದ ದಾರಿ. ಅದೇ ದಿನ ಮಳೆ ಹಿಡಿಯಿತು. ಆಗ ಆ ದಾರಿಯೆಂದರೆ ಸೇತುವೆಯಿಲ್ಲದ ಹೊಳೆಗಳ ದಾರಿ. ಬಸ್ಸು ದಡದವರೆಗೆ, ಆಮೇಲೆ ದೋಣಿ, ಆಚೆ ದಡದಲ್ಲಿ ಮತ್ತೊಂದು ಬಸ್ಸು. ಮಳೆ ಬಿಡಲಿಲ್ಲ. ಉತ್ತರದ ಹೊಳೆಗಳು ಉಕ್ಕಿವೆಯೆಂದು ಹಂಪನಕಟ್ಟೆಯ ಬಸ್ ನಿಲ್ದಾಣದಿಂದ ಬಂದವರು ಹೇಳಿದರು. ಬರಬೇಕಾದ ದಿನ ಸಿರಿಲ್ ಬರಲಿಲ್ಲ. ಮರುದಿನವೂ ಇಲ್ಲ. ಹೊರಗೆ ಯಾರ ಹೆಜ್ಜೆ ಕೇಳಿದರೂ ಡುಲ್ಸಿನ್ ಎದ್ದು ಅಗುಳಿಗೆ ಕೈ ಹಾಕಿ ನಿಲ್ಲುತ್ತಿದ್ದಳು, ಲಾಝರನ ಸುದ್ದಿ ತಂದ ಹೆಜ್ಜೆಗಳು ಹೀಗೇ ಓಡಿ ಬಂದಿದ್ದವು.

ಬೆನಿಟಾ ಕಿಟಕಿಯ ಸರಳು ಹಿಡಿದು ಮಳೆ ನೋಡುತ್ತಿದ್ದಳು. “ಮಾವ್ಶಿ, ಅವ ಬೊಂಬಾಯಿಯಲ್ಲಿ ಅವನಷ್ಟಕ್ಕೆ ಇದ್ದ. ಈ ಮಳೆಯಲ್ಲಿ ಹೊಳೆಗೆ ಇಳಿಸಿದ್ದು ಯಾರು? ನಾವೇ ಅಲ್ವಾ?”

ಡುಲ್ಸಿನ್‌ಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೌದಲ್ಲ! ಕಡಲು ಯಾರನ್ನೂ ಕೇಳಿರಲಿಲ್ಲ. ಹೆದರಿಕೊಂಡು ಹುಡುಗನನ್ನು ನೀರಿಗೆ ಕಳಿಸಿದ್ದು ತಾವೇ. ಅವಳು ಎದ್ದು, ಕೊಡೆ ಹಿಡಿದು, ನೇರ ಮೊರಿಸ್‌ನ ಮನೆಗೆ ಹೋದಳು.

“ನಿನ್ನ ಆಟ ಇನ್ನೊಂದು ಸಲ ಮಾಡು. ಬೆನಿಟಾ ಬರ್ತಾಳೆ. ನಾನೂ ಬರ್ತೇನೆ.”

“ಎಂತ ಮಾವ್ಶಿ, ಮೊನ್ನೆ ಅಟ್ಟಿದ್ದು ನೀವೇ ಅಲ್ವಾ?”

“ರೋಸ್ ಒಂದೇ ಸಲ ಆಗುವುದು. ಎರಡು ಸಲ ಆದರೆ ಅದು ನಾಟಕ, ಮೊದಲಿನದ್ದೂ ನಾಟಕ. ಅಷ್ಟೇ. ನೀನು ಜನ ಸೇರಿಸು.”

ಜನ ಸೇರಿದರು, ಕೆಟ್ಟ ಕುತೂಹಲದಿಂದ ಸೇರಿದರು. ಬೆನಿಟಾ ಹೊಸ್ತಿಲು ದಾಟುವಾಗ ಡುಲ್ಸಿನ್ ಕಣ್ಣು ಮುಚ್ಚಿಕೊಂಡಳು. ಈ ಸಲವೂ ನಿಜವಾದ ಹಾಲನ್ನೇ ಹಿಂಡಿದ್ದಳು, ಮೊದಲಿನದಕ್ಕೂ ಇದಕ್ಕೂ ವ್ಯತ್ಯಾಸ ಇರಬಾರದು. ಶಿಲುಬೆ ಬರೆದು ಮೊದಲ ಸಾಲು ಎತ್ತಿದಳು. ಸಭೆಯಲ್ಲಿ ಒಂದು ತುಟಿಯೂ ಅಲುಗಲಿಲ್ಲ. ಮೊರಿಸ್‌ನ ನಾಲ್ಕು ಹುಡುಗಿಯರೂ ತಾಯಂದಿರ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಮುಂದಿನ ಸಾಲಿನಲ್ಲಿ ಸೆವ್ರಿನ್‌ಬಾಯಿ ಜಪಸರ ಹಿಡಿದು ಕಲ್ಲಾಗಿ ಕೂತಿದ್ದಳು. ಹೊರಗೆ ಮಳೆ ಹೊಡೆಯುತ್ತಿತ್ತು. ಡುಲ್ಸಿನ್ ಇನ್ನೊಮ್ಮೆ ಎತ್ತಿದಳು. ಸ್ವರ ನಡುಗಿ ಒಡೆಯಿತು. ಇವರೆಲ್ಲ ಇದನ್ನು ನಾಟಕವೆಂದು ಒಪ್ಪುವುದಿಲ್ಲ, ಹುಡುಗಿಯ ಬಾಳು ಮುಗಿಯಿತು ಎಂದುಕೊಂಡಳು.

ಆಗ ಮಣೆಯ ಮೇಲಿದ್ದ ಬೆನಿಟಾಳೇ ತಲೆಯೆತ್ತಿ ತಿರುಗಿ ಹಾಡಿದಳು. ತನ್ನ ರೋಸ್‌ಗೆ ತಾನೇ ಹಾಡಿದ ಮದುಮಗಳನ್ನು ಆ ಊರು ಕಂಡದ್ದಿಲ್ಲ. ಹೆಂಗಸರ ನಡುವೆ ಗುಸುಗುಸು ಎದ್ದಿತು. ಹುಡುಗಿ ನಿಲ್ಲಿಸಲಿಲ್ಲ, ಹಾಡುತ್ತಲೇ ಎದ್ದು, ಮಾವ್ಶಿಯ ಕೈಯಿಂದ ಬಟ್ಟಲು ಕಿತ್ತುಕೊಂಡು, ಅವಳನ್ನು ಭುಜ ಹಿಡಿದು ಮಣೆಯ ಮೇಲೆ ಕೂರಿಸಿದಳು.

“ಬೆನಿಟಾ, ಎಂತ ಇದು? ಬಿಡು!”

“ಎರಡು ಸಲ ಆದರೆ ನಾಟಕ ಅಂತ ಹೇಳಿದ್ದು ನೀವೇ ಅಲ್ವಾ ಮಾವ್ಶಿ? ನಿಮಗೂ ಇದು ಎರಡನೆಯದು, ನಿಮ್ಮದೂ ನಾಟಕವೇ ಆಗಲಿ.”

ಬಟ್ಟಲಿನ ಹಾಲನ್ನೆಲ್ಲ ಆ ನರೆಗೂದಲಿನ ಮೇಲೆ ಹೊಯ್ದಳು. ಡುಲ್ಸಿನ್ ಬೆಚ್ಚಿ ಕೂತಳು. ಹಾಲು ಕಿವಿಯ ಹಿಂದೆ ಇಳಿದು ಕುತ್ತಿಗೆಗೆ ಹೋಯಿತು. ಸಭೆಯಲ್ಲಿ ಯಾರೂ ನಗಲಿಲ್ಲ, ಯಾರೂ ಏಳಲಿಲ್ಲ. ಉಳಿದ ಒಪೆರಾವನ್ನು ಮೊರಿಸ್ ಹೇಗೆ ಮುಗಿಸಿದನೋ ದೇವರೇ ಬಲ್ಲ.

ಬೆಳಿಗ್ಗೆ ಬೆನಿಟಾ ಬಿಸಿನೀರು ಕಾಯಿಸಿ ಮಾವ್ಶಿಯ ತಲೆ ತೊಳೆದಳು. ಒದ್ದೆ ಕೂದಲು ಒರೆಸಿಕೊಳ್ಳುತ್ತಿರುವಾಗ ಬಾಗಿಲು ಬಡಿದ ಸದ್ದಾಯಿತು. ಡುಲ್ಸಿನ್ ತಾನೇ ಹೋಗಿ ಅಗುಳಿ ತೆಗೆದಳು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ತಗಡಿನ ಪೆಟ್ಟಿಗೆ ಹೊತ್ತು ಸಿರಿಲ್ ನಿಂತಿದ್ದ. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆಚ್ಚಗಿತ್ತು.

“ಹೊಳೆ?” ಎಂದಳು.

“ತುಂಬಿತ್ತು ಮಾವ್ಶಿ. ನಾಲ್ಕು ದಿನ ದಡದಲ್ಲೇ ಕೂತೆ.”

“ಮತ್ತೆ?”

“ಮತ್ತೆ ಎಂತ? ನೀರು ಇಳಿಯಿತು, ದೋಣಿ ಬಂತು, ದಾಟಿದೆ.”

ಅಷ್ಟೇ! ಜನ ದಾಟುತ್ತಾರೆ. ದಿನಾ ದಾಟುತ್ತಾರೆ. ಡುಲ್ಸಿನ್ ಹೊಸ್ತಿಲ ಮೇಲೆಯೇ ಕುಸಿದು ಕೂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಲಾಝರನ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು.