ಎರಡು ಮೆಗಾಬಿಟ್ ಜಾಗ

ಮುರಿದ ಸೊಂಟ ಕೂಡಿಕೊಂಡಿತ್ತು, ದಿನಾ ಎದ್ದು ಕುಳಿತುಕೊಳ್ಳಿ ಎಂದು ಡಾಕ್ಟರೂ ಹೇಳಿದ್ದರು. ಆದರೆ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಉಣಕಲ್ಲಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಶ್ರಾವಣದ ಪ್ರವಚನ ಒಂದು ದಿನವೂ ತಪ್ಪಿಸದವಳಿಗೆ ಈಗ ಮಠದ ಮೆಟ್ಟಿಲು ಹತ್ತಲಾಗದು. ನಾನು ಗೋಕುಲ ರಸ್ತೆಯ ಕೇಬಲ್ ಟಿವಿ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದೆ. ಪ್ರವಚನವನ್ನು ನೇರವಾಗಿ ತೋರಿಸುವ ಚಾನೆಲ್ ಹಾಕಲು ಮಾಲೀಕರನ್ನು ಒಪ್ಪಿಸಿ, "ನಾಳೆ ಅಜ್ಜಾರು ಮನಿಗೇ ಬರ್ತಾರ" ಎಂದು ಆಯಿಗೆ ಮಾತು ಕೊಟ್ಟೆ. ಮಠದ ಸ್ವಾಮಿಗಳನ್ನು ನಮ್ಮ ಕಡೆ ಅಜ್ಜಾರು ಎನ್ನುತ್ತೇವೆ.

ಹಲವು ಚಾನೆಲ್‌ಗಳು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ, ಒಂದೇ ಪ್ರವಾಹದಲ್ಲಿ ಕೇಬಲ್ಲಿನೊಳಗೆ ಹೋಗುತ್ತವೆ. ಅದು ಸೆಕೆಂಡಿಗೆ ಎಷ್ಟು ಹೊರಬಲ್ಲದು ಎಂದು ಲೆಕ್ಕ ಹಾಕಿದೆ: ನಲವತ್ತೊಂದು ಮೆಗಾಬಿಟ್ ಚಿಲ್ಲರೆ. ಇದ್ದ ಚಾನೆಲ್‌ಗಳು ಮೂವತ್ತಾರು ತಿನ್ನುತ್ತಿದ್ದವು. ಹೊಸದಕ್ಕೆ ಧಾರಾಳವಾಗಿ ನಾಲ್ಕು ಕೊಟ್ಟೆ. ಯಾರನ್ನೂ ಕೇಳಲಿಲ್ಲ, ಕೇಳುವ ಜಾಯಮಾನ ನನ್ನದಲ್ಲ.

ಮರುದಿನ ಸಂಜೆ ಪ್ರವಚನ ಶುರುವಾಗಿದ್ದೇ ತಡ, ಆ ಪ್ರವಾಹದ ಅಷ್ಟೂ ಚಾನೆಲ್‌ಗಳ ಚಿತ್ರ ಚೌಕಚೌಕವಾಗಿ ಒಡೆಯಿತು. ಫೋನಿನ ಮೇಲೆ ಫೋನು. ಆಯಿಯದೂ ಬಂತು: "ಅಜ್ಜಾರ ಮಾರಿನ ಕಾಣವಲ್ತಲ್ಲ!"

ರೇಡಿಯೋ ರಿಪೇರಿಯಿಂದ ಈ ಕಸುಬಿಗೆ ಬಂದ ನಮ್ಮ ಹಿರಿಯ ಮೆಕ್ಯಾನಿಕ್ ಕಾಕಾ ಹೊಸ ಚಾನೆಲ್ ಬಂದ್ ಮಾಡಿ ನನ್ನ ಲೆಕ್ಕದ ಹಾಳೆ ನೋಡಿದರು.

"ಪ್ಯಾಕೆಟ್ಟಿಗೆ ಇನ್ನೂರಾ ನಾಕು ಬೈಟ್ ಹಿಡದೀಯಲ್ಲವಾ. ಚಿತ್ರ, ಧ್ವನಿ ಹೊರೂವು ನೂರಾ ಎಂಬತ್ತೆಂಟ. ಉಳದ ಹದಿನಾರು, ದಾರ್ಯಾಗ ಕೆಟ್ಟಿದ್ದನ್ನ ರಿಪೇರಿ ಮಾಡಾಕ."

ನಾನು ದಂಗಾದೆ. ಮಳೆಯಲ್ಲಿ ನೆನೆದ ಜಾಯಿಂಟು, ಜೋತುಬಿದ್ದ ವೈರು ದಾಟಿ ಚಿತ್ರ ಇಡಿಯಾಗಿ ಮನೆ ಮುಟ್ಟುತ್ತಿದ್ದದ್ದು, ಪ್ರತಿ ಪ್ಯಾಕೆಟ್ಟೂ ತನ್ನ ಔಷಧ ಕಟ್ಟಿಕೊಂಡೇ ಹೊರಡುತ್ತಿದ್ದುದರಿಂದ! ಆ ಔಷಧದ ಜಾಗವನ್ನೇ ನಾನು ಚಾನೆಲ್ಲಿಗೆ ಹಂಚಿಬಿಟ್ಟಿದ್ದೆ. ನಿಜವಾದ ಮಿತಿ ಮೂವತ್ತೆಂಟು. ಉಳಿದದ್ದು ಎರಡೇ. ನನಗೆ ಅಳು ಬಂತು.

"ಎರಡು ಭಾಳ ಆತು," ಎಂದರು ಕಾಕಾ. "ಓಡಾಡೂ ಚಿತ್ರಕ್ಕ ಬಿಟ್ ಭಾಳ ಬೇಕು. ಅಜ್ಜಾರು ಕುಂತಲ್ಲೇ ಕುಂತಿರ್ತಾರ. ಒಂದೂವರಿ ಮ್ಯಾಲ ಹೋಗದಂಗ ಇಡು."

ಇಟ್ಟೆ. ಚಾನೆಲ್ ಮತ್ತೆ ಬಿಟ್ಟಾಗ ಚಿತ್ರ ಒಡೆಯದೆ ನಿಂತಿತು. ಪ್ರವಚನದ ಕೊನೆಗೆ ಸ್ವಾಮಿಗಳು ಕಣ್ಣು ಮುಚ್ಚಿ ಮೌನಕ್ಕೆ ಕುಳಿತರು. ಮಾನಿಟರಿನಲ್ಲಿ ಆ ಚಾನೆಲ್ಲಿನ ಅಂಕಿ ಇಳಿಯತೊಡಗಿತು: ಒಂದು, ಅರ್ಧ, ಕಾಲು. ಮೌನವನ್ನು ಅಳತೆಯಲ್ಲಿ ಕಂಡದ್ದು ಜೀವನದಲ್ಲಿ ಅದೇ ಮೊದಲು, ಮೈ ಜುಮ್ಮೆಂದಿತು.

ತಡೆಯಲಾಗದೆ ಮನೆಗೆ ಫೋನ್ ಮಾಡಿದೆ. "ಆಯಿ, ಈಗ ಕಾಣಾಕತ್ತೈತೇನು?"

"ಸುಮ್ನಿರ ಖೋಡಿ," ಆಯಿ ಪಿಸುಗುಟ್ಟಿದಳು. "ಅಜ್ಜಾರು ಧ್ಯಾನದಾಗ ಅದಾರ. ನಾನೂ ಎದ್ದು ಕುಂತೇನಿ."